ದಬ್ಬೆ ಜುಂಜಯ್ಯನ ಸೊಟ್ಟ ಕೈ

ಬಾಳ ಹಿಂದೆ, ಇಲ್ಲಿ ಕೂತಿರೋ ನಿಮ್ಮಪ್ಪಂದಿರೂ ಹುಟ್ಟಿರದ ಕಾಲದಲ್ಲಿ, ಒಂದೂರಿತ್ತು. ಕರೆಕಲ್ಲಹಟ್ಟಿ ಅಂತ. ಊರು ದಿಣ್ಣೆ ಮ್ಯಾಲೆ, ಪೇಟೆ ದಿಣ್ಣೆ ಕೆಳಗೆ, ಮಧ್ಯೆ ಒಂದು ಟಾರು ರೋಡು. ಆ ಇಳಿಜಾರು ಹೆಂಗಿತ್ತು ಅಂದ್ರೆ, ಊರ ಬಾಗ್ಲಲ್ಲಿ ಒಂದು ನಿಂಬೆಹಣ್ಣು ಕೈಜಾರಿ ಬಿದ್ರೆ ಅದು ಉರುಳ್ಕೊಂಡು ಉರುಳ್ಕೊಂಡು ಪೇಟೆ ಸಂತೆಗೆ ಹೋಗಿ ನಿಲ್ತಿತ್ತಂತೆ. ನೀವು ಹಿಂದೆ ಓಡಿ ಹೋಗಿ ನೋಡೋ ಹೊತ್ತಿಗೆ ಅಲ್ಲಿ ಯಾರೋ ಅದನ್ನ ಮಾರ್ಕೊಂಡಿರ್ತಿದ್ರಂತೆ.

ಆ ಇಳಿಜಾರಿನ ಬುಡದಲ್ಲಿ ಒಂದು ತಿರುವು. ತಿರುವಲ್ಲಿ ಒಂದು ಮೋರಿ, ಮೋರಿಗೆ ಎರಡು ಕಡೆ ಕಲ್ಲಿನ ಕಟ್ಟೆ. ಮೋರಿ ಪಕ್ಕ ಒಂದು ಗುಡ್ಲು. ಆ ಗುಡ್ಲಲ್ಲಿದ್ದೋನೇ ದಬ್ಬೆ ಜುಂಜಯ್ಯ.

ಮುರಿದ ಮೂಳೆಗೆ ಬಿದಿರು ದಬ್ಬೆ ಇಟ್ಟು ಕಟ್ತಿದ್ದ, ಅದಕ್ಕೇ ದಬ್ಬೆ ಜುಂಜಯ್ಯ. ಯಾವೂರೋನು, ಯಾರ ಮಗ, ಯಾರಿಗೂ ಗೊತ್ತಿಲ್ಲ. ಒಂದಿನ ಇರಲಿಲ್ಲ, ಮಾರನೆ ದಿನ ಇದ್ದ, ಅಷ್ಟೆ. ಅವನ ಕೈಗುಣ ಮಾತ್ರ ಹೇಳ್ಬೇಕು ನೋಡಿ. ಎತ್ತಿನ ಕಾಲು ಕಟ್ಟಿದ್ದ, ಕಾಗೆ ರೆಕ್ಕೆ ಕಟ್ಟಿದ್ದ. ಒಂದ್ಸಲ ಯಾರೋ ತಮಾಷೆಗೆ ಮುರಿದ ಒನಕೆ ತಂದು ಕೊಟ್ರಂತೆ, ಅದಕ್ಕೂ ದಬ್ಬೆ ಇಟ್ಟು ಕಟ್ಟಿ ಕಳಿಸಿದ್ನಂತೆ. ಮುಂದಿನ ಮಳೆಗಾಲಕ್ಕೆ ಆ ಒನಕೆ ಚಿಗುರಿತ್ತು ಅಂತಾರೆ. ನೆರಳಿಗೆ ಅದರ ಕೆಳಗೆ ಕೂತೋರೂ ಇದಾರೆ ಅಂತಾರೆ.

ಅವನು ದುಡ್ಡು ಮುಟ್ತಿರಲಿಲ್ಲ. ಬೆರಳಾದ್ರೆ ಮೊಟ್ಟೆ, ಕೈಯಾದ್ರೆ ಹ್ಯಾಟೆ ಕೋಳಿ, ಕಾಲಾದ್ರೆ ಹುಂಜ. ಹಂಗಾಗಿ ಅವನ ಗುಡ್ಲ ಮುಂದೆ ಕೋಳಿಯೋ ಕೋಳಿ. ಆ ಕೋಳಿಗಳು ಹೆಂಗೆ ಕೊಬ್ಬಿದ್ವು ಅಂದ್ರೆ, ನರಿ ಬಂದು ನೋಡಿ, ಇದು ನನ್ನ ಕೈಲಿ ಆಗಲ್ಲ ಅಂತ ವಾಪಸ್ ಹೋಗ್ತಿತ್ತಂತೆ.

ಇಷ್ಟೆಲ್ಲ ಸರಿ. ಆದ್ರೆ ಊರೋರಿಗೆ ಒಂದು ಅನುಮಾನ ಇತ್ತು. ಅದರಲ್ಲೂ ಕದುರಮ್ಮನಿಗೆ.

ಕದುರಮ್ಮ ಅನುಮಾನದಲ್ಲೇ ಹುಟ್ಟಿದ ಹೆಂಗ್ಸು. ಅಂಗಡಿಯಿಂದ ಉಪ್ಪು ತಂದ್ರೆ ನಾಲ್ಗೆಗಿಟ್ಟು ನೋಡೋಳು, ಇದು ಉಪ್ಪೇನಾ ಅಂತ. ಹಸು ಹಾಲು ತಾನೇ ಕರೆದು, ತಾನೇ ಕಾಯ್ಸಿ, ತಾನೇ ನೋಡಿ, ಇದಕ್ಕೆ ಯಾರು ನೀರು ಬೆರೆಸಿದ್ರು ಅಂತ ಕೇಳೋಳು. ಹಿಂದಿಂದ ನೆರಳು ಬಿದ್ರೆ ಯಾವನದು ಅಂತ ತಿರುಗೋಳು, ತನ್ನ ನೆರಳೇ ಆದ್ರೂ. ಗಂಡ ಹೋಗಿ ಬಾಳ ವರ್ಷ ಆಗಿತ್ತು. ಹೊಟ್ಟೆಲಿದ್ದ ಮಗನನ್ನ ಬಿಟ್ಟು ಹೋಗಿದ್ದ. ಆ ಮಗನೇ ಪಾತಣ್ಣ. ಅವಳಿಗೆ ಲೋಕದಲ್ಲಿ ಇದ್ದಿದ್ದು ಅವನೊಬ್ಬ, ಒಂದು ಹಸು, ಮತ್ತೆ ಕರಿಹುರುಳಿ ಬೆಳೆಯೋ ಒಂದು ತುಂಡು ಹೊಲ. ಊರೋರೆಲ್ಲ ಕೆಂಪು ಹುರುಳಿ ಬಿತ್ತಿದ್ರೆ ಇವಳೊಬ್ಬಳು ತವರಿಂದ ತಂದ ಕರಿಹುರುಳಿ ಬಿತ್ತೋಳು. ಕೆಂಪಿಂದಾದ್ರೆ ಕದ್ದರೆ ಗೊತ್ತಾಗಲ್ಲ, ಕರೀದಾದ್ರೆ ಯಾರ ಮಡಕೇಲಿದ್ರೂ ನನ್ನದೇ ಅಂತ ಹಿಡೀಬಹುದು ಅಂತ ಅವಳ ಲೆಕ್ಕ.

ಪಾತಣ್ಣನಿಗೆ ಸೈಕಲ್ ಹುಚ್ಚು. ಅವನಿಗೊಬ್ಬನಿಗೇ ಅಲ್ಲ, ಆ ಊರಿನ ಮೀಸೆ ಮೂಡೋ ವಯಸ್ಸಿನ ಹುಡುಗ್ರಿಗೆಲ್ಲ. ಬೆಳಗಾದ್ರೆ ಹೈಸ್ಕೂಲು, ಮಿಲ್ಲು, ಅಂಗಡಿ ಕೆಲಸ ಅಂತ ಎಲ್ರೂ ಸೈಕಲ್ ಹತ್ತಿ ಪೇಟೆಗೆ ಇಳಿಯೋರು. ಇಳಿಯೋದು ಅಂದ್ರೆ ಇಳಿಯೋದಲ್ಲ ಅದು, ಬೀಳೋದು. ಒಬ್ಬ ಹ್ಯಾಂಡಲ್ ಬಿಟ್ಟು ತಲೆ ಬಾಚ್ಕೊಂಡು ಇಳಿಯೋನು. ಒಂದು ಸೈಕಲ್ ಮ್ಯಾಲೆ ಮುಂದೊಬ್ಬ, ಹಿಂದೊಬ್ಬ, ಹೆಗಲ ಮ್ಯಾಲೊಬ್ಬ. ಲಾರಿ ಸಿಕ್ರೆ ಅದರ ಹಿಂದಿನ ಸರಪಣಿ ಹಿಡ್ಕೊಂಡು ನೇತಾಡೋರು. ಪಾತಣ್ಣ ಎಷ್ಟು ಜೋರಾಗಿ ಇಳೀತಿದ್ದ ಅಂದ್ರೆ, ಮ್ಯಾಲೆ ಸೀನಿದ್ರೆ ಆ ಸೀನಿನ ಸದ್ದು ಕೆಳಗೆ ಬರೋ ಹೊತ್ತಿಗೆ ಅವನು ಮೂಗು ಒರೆಸ್ಕೊಂಡು ಪೇಟೇಲಿ ಕಾಫಿ ಕುಡೀತಿದ್ನಂತೆ.

ಇದು ಸಾಲದು ಅಂತ ಹುಡುಗ್ರು ಒಂದು ಪಂದ್ಯ ಹುಟ್ಟಾಕಿದ್ರು. ಸುಣ್ಣದ ಪಂದ್ಯ. ಗಾಲಿ ರಿಮ್ಮಿಗೆ, ಬ್ರೇಕು ಕಚ್ಚೋ ಜಾಗಕ್ಕೆ ಸರಿಯಾಗಿ, ಗಟ್ಟಿ ಸುಣ್ಣ ಬಳಿಯೋದು. ದಿಣ್ಣೆ ಮ್ಯಾಲಿಂದ ಮೋರಿ ದಾಟೋವರ್ಗೂ ಬ್ರೇಕು ಹಿಡೀಬಾರ್ದು. ಕೆಳಗೆ ಹೋದಮ್ಯಾಲೆ ಎಲ್ರೂ ಬಗ್ಗಿ ರಿಮ್ಮು ನೋಡೋರು. ಸುಣ್ಣ ಹಂಗೇ ಇದ್ರೆ ಗಂಡು. ಸುಣ್ಣ ಒರೆಸಿಹೋಗಿದ್ರೆ ಅವನು ಬ್ರೇಕಪ್ಪ. ಒಂದ್ಸಲ ಬ್ರೇಕಪ್ಪ ಅಂತ ಹೆಸರು ಬಿತ್ತು ಅಂದ್ರೆ ಮುಗೀತು, ಆ ಹೆಸರಲ್ಲೇ ಮದುವೆ ಕರೆ ಹೋಗೋದು.

ಸುಣ್ಣ ಯಾಕೋ ಅಂತ ಕದುರಮ್ಮ ಮಗನನ್ನ ಕೇಳಿದ್ಲು. ದೃಷ್ಟಿ ತಾಗಬಾರ್ದಲ್ಲ ಅವ್ವ, ಅದಕ್ಕೇ ಅಂದ ಪಾತಣ್ಣ. ಅವಳಿಗೆ ಕಣ್ಣು ತುಂಬಿ ಬಂತು. ನನ್ನ ಮಗನಿಗೆ ಎಷ್ಟು ತಿಳುವಳಿಕೆ ಅಂತ ಅವತ್ತಿಂದ ತಾನೇ ದಿನಾ ಬೆಳಗ್ಗೆ ಸುಣ್ಣ ಕಲೆಸಿ ಕೊಡೋಳು. ಒಂದು ಚಿಟಿಕೆ ಜಾಸ್ತಿನೇ ಹಾಕಿ ಕೊಡೋಳು.

ಕೇಳಿದ್ರಾ. ಉಪ್ಪನ್ನ ನಂಬದೋಳು, ಹಾಲನ್ನ ನಂಬದೋಳು, ತನ್ನ ನೆರಳನ್ನೇ ನಂಬದೋಳು, ಮಗನನ್ನ ನಂಬಿದ್ಲು.

ಈಗ ಊರಿನ ಅನುಮಾನದ ವಿಷಯಕ್ಕೆ ಬರೋಣ. ಹುಡುಗ್ರು ಬೀಳೋಕೆ ಶುರುವಾದ್ರು. ಎಲ್ಲಿ? ಸರಿಯಾಗಿ ಮೋರಿ ಹತ್ರ, ಜುಂಜಯ್ಯನ ಗುಡ್ಲ ಮುಂದೆ. ಅಷ್ಟುದ್ದ ರೋಡಲ್ಲಿ ಇನ್ನೆಲ್ಲೂ ಇಲ್ಲ, ಅಲ್ಲೇ. ಕುಂಬಾರರ ಹುಡುಗ ಬಿದ್ದ, ಕೈ ಮುರೀತು, ಹ್ಯಾಟೆ ಹೋಯ್ತು. ಮೂಡಲಮನೆ ಹುಡುಗ ಬಿದ್ದ, ಕಾಲು ಮುರೀತು, ಹುಂಜ ಹೋಯ್ತು. ಲಾರಿ ಹಿಡ್ಕೊಂಡು ಬಂದೋನು ಕೈ ಬಿಟ್ಟು ಬಿದ್ದ, ಕೈಯೂ ಕಾಲೂ ಎರಡೂ, ಆ ಮನೇಲಿ ಬೆಳಗ್ಗೆ ಕೂಗೋಕೆ ಒಂದು ಕೋಳಿ ಉಳೀಲಿಲ್ಲ. ಬಿದ್ದೋನು ಅಯ್ಯೋ ಅನ್ನೋ ಮುಂಚೆ ಜುಂಜಯ್ಯ ದಬ್ಬೆ ಹಿಡ್ಕೊಂಡು ಬಾಗ್ಲಲ್ಲಿ ನಿಂತಿರ್ತಿದ್ನಂತೆ.

ನೀರು ಸೇದೋ ಜಾಗದಲ್ಲಿ ಹೆಂಗಸರು ಕಿವಿಗೆ ಬಾಯಿ ಹಚ್ಚಿದ್ರು. ಅಲ್ಲ, ಲೋಕದಲ್ಲಿ ಅಷ್ಟು ಜಾಗ ಬಿದ್ದಿರೋವಾಗ ಇವನು ಅಲ್ಲೇ ಯಾಕೆ ಗುಡ್ಲು ಹಾಕ್ದ ಅಂತ ಒಬ್ಬಳು. ಮೂಳೆ ಮುರೀದೆ ಇದ್ರೆ ಇವನ ಹೊಟ್ಟೆ ಹೆಂಗೆ ತುಂಬ್ತಿತ್ತು ಅಂತ ಇನ್ನೊಬ್ಬಳು. ರೋಡಿಗೆ ಏನೋ ಇಕ್ತಾನೆ ಕಣ್ರೇ ಅಂದ್ಲು ಕದುರಮ್ಮ, ಬಿಂದಿಗೆ ಕೆಳಗಿಟ್ಟು. ಅವಳ ಮನಸ್ಸಲ್ಲಿ ಇದ್ದಿದ್ದು ಒಂದೇ. ಇವತ್ತು ಅವರ ಮಗ, ನಾಳೆ ಇವರ ಮಗ, ನಾಳಿದ್ದು ನನ್ನ ಪಾತಣ್ಣ.

ಸರಿ, ಕಣ್ಣಾರೆ ನೋಡೇ ಬಿಡೋಣ ಅಂತ ಒಂದಿನ ಬೆಳಕು ಹರಿಯೋ ಹೊತ್ತಿಗೆ ಹೋಗಿ ಮೋರಿ ಪಕ್ಕದ ಕತ್ತಾಳೆ ಪೊದೆ ಹಿಂದೆ ಕೂತ್ಲು. ಮುಳ್ಳು ಚುಚ್ತು, ಅಲ್ಲಾಡಲಿಲ್ಲ. ಇರುವೆ ಹತ್ತಿದ್ವು, ಕೆರ್ಕೊಳ್ಳಲಿಲ್ಲ. ಒಂದು ಜೇಡ ಬಂದು ಅವಳ ಕಿವಿಗೂ ಕತ್ತಾಳೆಗೂ ಬಲೆ ಕಟ್ಟಿ, ಒಂದು ನೊಣ ಹಿಡಿದು, ಊಟ ಮುಗಿಸಿ ಹೋಯ್ತು ಅಂತಾರೆ. ಅಂಥ ಕಾವಲು.

ಆಗ ಬಂದ ಜುಂಜಯ್ಯ. ಆ ಕಡೆ ನೋಡ್ದ, ಈ ಕಡೆ ನೋಡ್ದ. ತಿರುವಲ್ಲಿ ಕುಕ್ಕರಗಾಲಲ್ಲಿ ಕೂತ. ಟಾರಿನ ಮ್ಯಾಲೆ ಕೈ ಆಡಿಸ್ತಾ ಆಡಿಸ್ತಾ ಮುಂದೆ ಮುಂದೆ ಸರಿದ. ಬಾಯಲ್ಲಿ ಏನೋ ಮಣಮಣ ಅಂತಿದ್ದ. ಮಂತ್ರ, ಸಂಶಯವೇ ಇಲ್ಲ, ಮಂತ್ರ. ಅವನು ಎದ್ದು, ಮಡಿಲಲ್ಲಿ ಏನೋ ತುಂಬ್ಕೊಂಡು ಗುಡ್ಲ ಹಿಂದಕ್ಕೆ ಹೋದ. ಇವಳು ಬೆಕ್ಕಿನ ಹೆಜ್ಜೆಲಿ ಹಿಂದೆ ಹೋಗಿ ಇಣುಕಿದ್ರೆ, ಅಲ್ಲೊಂದು ಗಡಿಗೆ. ಗಡಿಗೆ ತುಂಬ ಹುರುಳಿ. ಕೆಂಪಿನ ಮಧ್ಯೆ ಕರೀದೂ ಮಿಂಚ್ತಿತ್ತು.

ಅವತ್ತೇ ಊರಿನ ಯಜಮಾನ ಈರನಾಗಪ್ಪನ ಮನೆ ಮುಂದೆ ಜನ ಸೇರ್ತು.

ಇಲ್ಲಿ ಒಂದು ಮಾತು ಹೇಳ್ಬೇಕು, ಇಲ್ಲಾಂದ್ರೆ ನಿಮಗೆ ಅರ್ಥ ಆಗಲ್ಲ. ಆ ಊರಲ್ಲಿ ಹುರುಳಿ ಕಿತ್ತಮ್ಯಾಲೆ ಬಳ್ಳಿ ಒಣಗಿಸಿ ರೋಡಿಗೆ ಹರಡೋರು. ಬಸ್ಸು ಲಾರಿ ಹತ್ತಿ ಹೋದಂಗೆ ಕಾಳು ತಾನಾಗೇ ಉದುರೋದು. ಮುಂಚೆ ಅಂದ್ರೆ ಸಗಣಿ ಹಾಕಿ ಕಣ ಸಾರಿಸಿ, ಎತ್ತು ಕಟ್ಟಿ, ದಿನಗಟ್ಲೆ ತುಳಿಸ್ಬೇಕಿತ್ತು. ಟಾರು ಬಿದ್ದಾಗ ಊರೋರು, ನೋಡ್ರಪ್ಪ, ಸರ್ಕಾರನೇ ನಮಗೆ ಕಣ ಸಾರಿಸಿ ಕೊಡ್ತು ಅಂತ ಖುಷಿಪಟ್ರು. ಅದರಲ್ಲೂ ತಿರುವು ಅಂದ್ರೆ ಎಲ್ರಿಗೂ ಬೇಕು. ಅಲ್ಲಿ ಗಾಲಿ ತಿರುಗಿ ಉಜ್ಜೋದ್ರಿಂದ ಕಾಳು ಚೆನ್ನಾಗಿ ಬಿಡುತ್ತೆ. ಬಿಸಿಲೇರಿದ ಮ್ಯಾಲೆ ಹರಡೋದು, ಸಂಜೆ ಬಾಚ್ಕೊಳ್ಳೋದು. ಆದ್ರೆ ಹುರುಳಿ ಕಾಳು ಅಂದ್ರೆ ಎಷ್ಟು ಬಾಚಿದ್ರೂ ಅಷ್ಟು ಉಳಿಯೋ ಜಾತಿ. ಗುಂಡಗೆ, ಗಟ್ಟಿಗೆ, ನುಣ್ಣಗೆ. ಟಾರಿನ ಮ್ಯಾಲೆ ಬಿದ್ರೆ ಕಣ್ಣಿಗೂ ಕಾಣಲ್ಲ.

ಆ ಧಾನ್ಯದ ಮ್ಯಾಲೆ ಊರೋರಿಗೆ ಎಷ್ಟು ಭಕ್ತಿ ಅಂದ್ರೆ, ನಡು ರೋಡಲ್ಲಿ ಹರಡಿದ್ರೂ ಚಪ್ಪಲಿ ಬಿಟ್ಟೇ ತುಳಿಯೋರು. ಲಾರಿ ತುಳಿದ್ರೆ ಪರವಾಗಿಲ್ಲ, ಚಪ್ಪಲಿ ತುಳಿದ್ರೆ ಪಾಪ.

ಯಜಮಾನ ಜುಂಜಯ್ಯನನ್ನ ಕರೆಸಿ, ಏನಪ್ಪ ಇದು, ಊರ ಕಾಳು ನಿನ್ನ ಗಡಿಗೇಲಿ ಹೆಂಗೆ ಬಂತು, ಊರ ಹುಡುಗ್ರು ನಿನ್ನ ಬಾಗ್ಲಲ್ಲೇ ಯಾಕೆ ಬೀಳ್ತಾರೆ ಅಂತ ಕೇಳಿದ. ಜುಂಜಯ್ಯ ಕಮ್ಮಿ ಮಾತಿನೋನು.

"ಎರಡಕ್ಕೂ ಒಂದೇ ಉತ್ತರ ಯಜಮಾನ್ರೇ," ಅಂದ. "ಹುಡುಗ್ರು ಜಾರೋದು ನಿಮ್ಮ ಹುರುಳಿ ಮ್ಯಾಲೆ. ನಾನು ದಿನಾ ಬಳಿದು ತೆಗೆಯೋದೂ ಅದನ್ನೇ."

ಜನ ಗೊಳ್ ಅಂತು. ಅನ್ನ ಮನುಷ್ಯನ್ನ ಬೀಳಿಸುತ್ತೇನೋ? ತಿಂದು ಬೆಳೆದ ಕಾಳು ಮಕ್ಕಳ ಕಾಲು ಮುರಿಯುತ್ತೇನೋ? ಚಪ್ಪಲಿ ಬಿಟ್ಟು ಮೆಟ್ಟೋ ಧಾನ್ಯದ ಮ್ಯಾಲೆ ಅಪವಾದ ಹೊರಿಸ್ತಾನಲ್ಲ ಅಂತ ಮುದುಕರೆಲ್ಲ ಕಿವಿ ಮುಚ್ಕೊಂಡ್ರು. ಬಾಯಲ್ಲಿ ಹೇಳ್ಕೊಳ್ತಿದ್ದ ಮಂತ್ರ ಯಾವುದು ಅಂತ ಕದುರಮ್ಮ ಕೇಳಿದ್ಲು. ಅದು ಮಂತ್ರ ಅಲ್ಲವ್ವ, ಕಾಳು ಬಿಟ್ಟು ಹೋದೋರನ್ನ ಬೈತಿದ್ದೆ ಅಂದ ಅವನು. ಯಾರೂ ನಂಬಲಿಲ್ಲ.

"ಹಂಗಾದ್ರೆ ನಿನ್ನ ಹುಂಜ ಯಾಕಪ್ಪ ಅಷ್ಟು ಕೊಬ್ಬೈತೆ?" ಅಂದ ಹಿಂದಿಂದ ಯಾರೋ.

"ಹುರುಳಿ ತಿಂದು," ಅಂದ ಜುಂಜಯ್ಯ.

ಅಲ್ಲಿಗೆ ಮುಗೀತು ನೋಡಿ. ನಮ್ಮ ಕೋಳಿ, ನಮ್ಮ ಕಾಳು, ನಮ್ಮ ಮಕ್ಕಳ ಮೂಳೆ, ಮೂರೂ ಇವನದೇ ಆಯ್ತಲ್ಲ ಅಂತ ಊರು ಎದ್ದು ನಿಂತಿತು. ಇನ್ನು ಮ್ಯಾಲೆ ರೋಡು ಮುಟ್ಟಕೂಡ್ದು, ಈ ವಾರದೊಳಗೆ ಗುಡ್ಲು ಬಿಚ್ಚಿ ಬಂದ ದಾರಿ ಹಿಡೀಬೇಕು ಅಂತ ಯಜಮಾನ ಹೇಳ್ಬಿಟ್ಟ. ಜುಂಜಯ್ಯ ಹೋಗ್ತಾ ಕದುರಮ್ಮನ ಮುಂದೆ ನಿಂತು, ನಿನ್ನ ಮಗನ ಗಾಲಿಗೆ ಸುಣ್ಣ ಯಾಕವ್ವ ಬಳಿಯೋದು, ಒಂದ್ಸಲ ಕೇಳ್ನೋಡು ಅಂದ. ಅವಳು ಸೆರಗು ಕೊಡವಿ ದೂರ ಸರಿದ್ಲು. ಕಳ್ಳನ ಕಣ್ಣಿಗೆ ದೃಷ್ಟಿಸುಣ್ಣ ಕಂಡ್ರೆ ಉರಿ ಆಗ್ದೆ ಇರುತ್ತಾ ಅಂತ ಅಂದ್ಕೊಂಡ್ಲು.

ಆ ವಾರ ತಿರುವಿನ ಜಾಗ ಯಾರ ಪಾಳಿ? ಕದುರಮ್ಮನದು. ತನ್ನ ಹುರುಳಿ ಬಳ್ಳಿಯನ್ನೆಲ್ಲ ತಂದು ತಿರುವಿನ ತುಂಬ ಹರಡಿದ್ಲು. ಗಾಳಿಗೆ ಹಾರದಂಗೆ ಸುತ್ತ ಕಲ್ಲಿಟ್ಲು. ಈ ಸಲ ಕದಿಯೋನಿಲ್ಲ ಅಂತ ನೆಮ್ಮದಿ. ಸಂಜೆ ಬಾಚ್ಕೊಂಡು ಹೋದ್ಲು. ಬಾಚಿದಷ್ಟು ಬಂತು, ಉಳಿದಷ್ಟು ಉಳೀತು. ಕರಿ ಟಾರಿನ ಮ್ಯಾಲೆ ಕರಿ ಹುರುಳಿ.

ಮಾರನೆ ದಿನ ಬೆಳಗ್ಗೆ ಜುಂಜಯ್ಯ ಗಂಟು ಕಟ್ದ. ಕೋಳಿ ಬುಟ್ಟಿ ಹೆಗಲಿಗೆ, ದಬ್ಬೆ ಕಟ್ಟು ಕಂಕುಳಿಗೆ. ಅವನು ನಿಜವಾಗ್ಲೂ ಹೋಗ್ತಾನೋ ಇಲ್ವೋ ಅಂತ ಕದುರಮ್ಮನಿಗೆ ಅನುಮಾನ. ಮನೇಲಿ ಕೂರೋಕಾಗ್ದೆ, ಮಗನಿಗೆ ಸುಣ್ಣ ಕಲೆಸಿಟ್ಟು, ಅಡ್ಡದಾರೀಲಿ ದಿಣ್ಣೆ ಇಳಿದು ಬಂದ್ಲು.

ಬಂದು ನೋಡಿದ್ರೆ ಏನು? ಅವನು ಹೊರಟೋನು ಹೊರಟಂಗೇ ತಿರುವಲ್ಲಿ ನಿಂತುಬಿಟ್ಟಿದಾನೆ. ಬುಟ್ಟಿ ಕೆಳಗಿಟ್ಟ. ಗಂಟು ಕೆಳಗಿಟ್ಟ. ಹೆಗಲ ಮ್ಯಾಲಿನ ಟವಲ್ ತೆಗೆದು ರೋಡು ಬಳಿಯೋಕೆ ಶುರು ಮಾಡ್ದ. ಹೋಗೋ ಹೊತ್ತಲ್ಲೂ ಕೈ ಬಿಡಲಿಲ್ವಲ್ಲ ಇವನು ಅಂತ ಕದುರಮ್ಮನಿಗೆ ಮೈಯೆಲ್ಲ ಬೆಂಕಿ. ಓಡಿ ಬಂದು ರೋಡಿನ ನಡುವೆ ಅವನ ಮುಂದೆ ನಿಂತ್ಲು, ಟವಲಿನ ಇನ್ನೊಂದು ತುದಿ ಹಿಡಿದು ಎಳೆದ್ಲು. ಬಿಡವ್ವ, ಹುಡುಗ್ರು ಬರೋ ಹೊತ್ತಾಯ್ತು ಅಂತ ಅವನು. ನನ್ನ ಕಾಳು ಬಿಡೋ ಅಂತ ಇವಳು.

ಅಷ್ಟರಲ್ಲಿ ದಿಣ್ಣೆ ಮ್ಯಾಲಿಂದ ಹೋ ಅಂತ ಕೂಗು ಕೇಳ್ತು. ಹುಡುಗ್ರೆಲ್ಲ ಸಾಲಾಗಿ ನಿಂತು ಒಬ್ಬನನ್ನ ತಳ್ಳಿಬಿಟ್ಟಿದ್ರು. ಪಾತಣ್ಣನನ್ನ.

ಅವನು ಹೆಂಗೆ ಬಂದ ಅಂತ ಹೇಳ್ತಾರೆ ಅಂದ್ರೆ, ಗಾಲಿ ನೆಲಕ್ಕೆ ತಾಗ್ತಾನೇ ಇರಲಿಲ್ಲವಂತೆ. ರೋಡ್ ಬದಿ ಹುಲ್ಲೆಲ್ಲ ಒಂದೇ ಕಡೆ ಮಲಗಿಬಿಡ್ತಂತೆ, ಇವತ್ತಿಗೂ ಆ ಹುಲ್ಲು ಎದ್ದಿಲ್ಲವಂತೆ. ಅಂಗಿ ಹಿಂದಕ್ಕೆ ಉಬ್ಬಿ, ಕೈ ಎರಡೂ ಹ್ಯಾಂಡಲ್ ಬಿಟ್ಟು, ನಗ್ತಾ ಬರ್ತಿದ್ದ. ಅರ್ಧ ಇಳಿಜಾರು ಇಳಿದಮ್ಯಾಲೆ ಕಂಡಿದ್ದು ಅವನಿಗೆ, ನಡು ರೋಡಲ್ಲಿ ಅವ್ವ.

ನಗು ಹೋಯ್ತು. ಹ್ಯಾಂಡಲ್ ಹಿಡ್ದ. ಬ್ರೇಕು ಹಿಡ್ದ.

ಬ್ರೇಕು ಎಲ್ಲಿ ಹಿಡಿಯುತ್ತೆ? ಅವ್ವ ಪ್ರೀತಿಯಿಂದ ಒಂದು ಚಿಟಿಕೆ ಜಾಸ್ತಿ ಹಾಕಿ ಕಲೆಸಿದ ಸುಣ್ಣ, ಇನ್ನೂ ಹಸಿ. ರಬ್ಬರು ಸುಣ್ಣದ ಮ್ಯಾಲೆ ಬೆಣ್ಣೆ ಮ್ಯಾಲಿನಂಗೆ ಜಾರ್ತು. ಅವನು ಹ್ಯಾಂಡಲ್ ತಿರುಗಿಸ್ದ. ಅವ್ವನಿಗೆ ಗುದ್ದೋದು ತಪ್ತು, ಗಾಲಿ ಹುರುಳಿ ಮ್ಯಾಲೆ ಹತ್ತಿತು. ಆಮ್ಯಾಲೆ ಸೈಕಲ್ಲು ಅವನ ಮಾತು ಕೇಳಲಿಲ್ಲ. ನೆಟ್ಟಗೆ ಮೋರಿ ಕಟ್ಟೆ ಕಲ್ಲಿಗೆ ಹೊರಟಿತು, ಪಾತಣ್ಣನ ತಲೆ ಮುಂದೆ ಮಾಡ್ಕೊಂಡು.

ಇಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಜುಂಜಯ್ಯ ಸೈಕಲ್ಲನ್ನ ಹುಡುಗನ ಸಮೇತ ಒಂದೇ ಕೈಲಿ ಎತ್ತಿ, ಎರಡು ಸುತ್ತು ತಿರುಗಿಸಿ, ಮೆತ್ತಗೆ ಕೆಳಗಿಟ್ಟ ಅಂತಾರೆ. ಬುಟ್ಟಿಲಿದ್ದ ಹುಂಜಗಳೆಲ್ಲ ಹಾರಿ ಹೋಗಿ ಕಲ್ಲಿನ ಮುಂದೆ ಹಾಸಿಗೆ ಹಾಸಿದಂಗೆ ಮಲಗಿದ್ವು ಅಂತಾನೂ ಅಂತಾರೆ, ನಂಬೋದು ಬಿಡೋದು ನಿಮಗೆ ಸೇರಿದ್ದು. ಕದುರಮ್ಮ ಕಂಡಿದ್ದು ಇಷ್ಟು. ಟವಲಿನ ಆ ತುದಿ ಸಡಿಲಾಯ್ತು. ಅವನು ಅಲ್ಲಿರಲಿಲ್ಲ. ಕಲ್ಲಿಗೂ ಅವಳ ಮಗನ ತಲೆಗೂ ನಡುವೆ ಒಂದು ಬಲಗೈ ಇತ್ತು. ಒಣಗಿದ ತೊಗರಿ ಕಡ್ಡಿ ಮುರಿದಂಗೆ ಲಟ್ ಅಂತು.

ಪಾತಣ್ಣ ಎದ್ದು ಕೂತ. ಮೊಣಕಾಲು, ಅಂಗೈ ತರಚಿ ರಕ್ತ, ಅಷ್ಟೆ. ಕದುರಮ್ಮ ಓಡಿ ಹೋಗಿ ಅವನ ಕೈ ಹಿಡಿದ್ಲು. ತರಚಿದ ಅಂಗೈಯೊಳಗೆ ಏನೋ ಚುಚ್ಕೊಂಡಿತ್ತು. ಉಗುರಲ್ಲಿ ತೆಗೆದು ನೋಡಿದ್ಲು. ಹುರುಳಿ. ಮೊಣಕಾಲಿಂದ ಇನ್ನೊಂದು ತೆಗೆದ್ಲು. ಹುರುಳಿ. ರಕ್ತ ಒರೆಸಿ ಬೆಳಕಿಗೆ ಹಿಡಿದ್ಲು. ಕರೀದು.

ಕದ್ದೋರನ್ನ ಹಿಡಿಯೋಕೆ ಅಂತ ಬಿತ್ತಿದ ಕಾಳು ಅದು. ಊರಲ್ಲಿ ಇನ್ಯಾರೂ ಬಿತ್ತದ ಕಾಳು. ಆಮ್ಯಾಲೆ ಮಗನ ಗಾಲಿ ಕಡೆ ನೋಡಿದ್ಲು, ಸುಣ್ಣದ ಮ್ಯಾಲೆ ಬ್ರೇಕು ಜಾರಿದ ಉದ್ದ ಗೆರೆ. ಇದು ದೃಷ್ಟಿಗೇನೋ ಅಂತ ಕೇಳಿದ್ಲು. ಪಾತಣ್ಣ ತಲೆ ತಗ್ಗಿಸ್ದ. ದಿಣ್ಣೆ ಇಳಿದು ಬಂದ ಹುಡುಗ್ರೆಲ್ಲ ಸೈಕಲ್ ತಳ್ಕೊಂಡು ಬಂದು ಸುತ್ತ ನಿಂತ್ರು. ಒಬ್ಬನೂ ರಿಮ್ಮು ಬಗ್ಗಿ ನೋಡಲಿಲ್ಲ. ಒಬ್ಬನೂ ಬ್ರೇಕಪ್ಪ ಅನ್ನಲಿಲ್ಲ.

ಜುಂಜಯ್ಯ ಮೋರಿ ಕಟ್ಟೆಗೆ ಒರಗಿ ಕೂತಿದ್ದ. ಬಲಗೈ ಮೊಣಕೈಯಿಂದ ಆಚೆಗೆ ತಿರುಗಿ ಬೇರೆ ಯಾರದೋ ಕೈ ಥರ ಜೋತಾಡ್ತಿತ್ತು. ಮುಖ ಬೂದಿ. ಈಗ ಯೋಚ್ನೆ ಮಾಡಿ. ಸುತ್ತ ಹತ್ತೂರಿಗೆ ಮೂಳೆ ಕಟ್ಟೋನು ಅವನೊಬ್ಬ. ಅವನದ್ದೇ ಮೂಳೆ ಮುರಿದ್ರೆ ಕಟ್ಟೋರು ಯಾರು? ಕೈ ಹೋದ್ರೆ ಅವನ ಹೊಟ್ಟೆಪಾಡೂ ಹೋಯ್ತು, ಮುಂದೆ ಬೀಳೋರ ಗತಿಯೂ ಹೋಯ್ತು.

ಅವನು ಹುಡುಗ್ರನ್ನೆಲ್ಲ ಒಂದ್ಸಲ ನೋಡ್ದ. ಎಲ್ರ ಕೈಯೂ ನಡುಗ್ತಿದ್ವು. ಕದುರಮ್ಮನ ಕೈ ಮಾತ್ರ ನಡುಗ್ತಿರಲಿಲ್ಲ. ಅವಳನ್ನ ಹತ್ರ ಕರೆದ. ಗಂಟಿಂದ ದಬ್ಬೆ ತೆಗಿ ಅಂದ, ಬುಟ್ಟಿಲಿ ಮೊಟ್ಟೆ ಐತೆ ಒಡಿ ಅಂದ, ಬಿಳೀದು ಬೇರೆ ಮಾಡಿ ಗಂಟಲ್ಲಿರೋ ಉದ್ದಿನ ಹಿಟ್ಟಲ್ಲಿ ಕಲೆಸು ಅಂದ. ಅವಳು ಮಾಡಿದ್ಲು. ಕಂಕುಳಿಗೆ ಕಾಲು ಕೊಟ್ಟು ಮಣಿಕಟ್ಟು ಹಿಡಿದು ಎಳೀಬೇಕು ಅಂದ. ಅಲ್ಲಿ ನಿಂತುಬಿಟ್ಲು.

ಅವಳಿಗೆ ಆಗಲೂ ಅನುಮಾನ ನೋಡಿ. ಎಳೆದಿದ್ದು ತಪ್ಪಾದ್ರೆ? ಬೇಕಂತಲೇ ತಪ್ಪು ಮಾಡಿದ್ಲು ಅಂತ ಅಂದ್ರೆ? ಊರು ಬಿಡಿಸಿದೋಳ ಕೈಗೆ ಇವನು ತನ್ನ ಕೈ ಯಾಕೆ ಕೊಡ್ತಾನೆ?

"ನನ್ನ ನಂಬ್ತೀಯ ನೀನು?" ಅಂದ್ಲು.

"ಇಲ್ಲ," ಅಂದ ಜುಂಜಯ್ಯ. "ನಂಗೂ ನಿನ್ನ ಮ್ಯಾಲೆ ಅನುಮಾನ ಐತೆ ಕದುರಮ್ಮ. ಎಳಿ."

ಎಳೆದ್ಲು. ಅವನು ಕಿರುಚಿದ ಸದ್ದಿಗೆ ಪೇಟೇಲಿ ಗಡಿಯಾರ ನಿಂತು ಹೋಯ್ತು ಅಂತಾರೆ, ಕೆರೆ ನೀರು ದಡ ಬಿಟ್ಟು ಒಂದು ಮಾರು ಹಿಂದೆ ಸರೀತು ಅಂತಾರೆ. ಅವಳು ಬಿಡಲಿಲ್ಲ. ಮೊಟ್ಟೆ ಹಿಟ್ಟು ಬಳಿದು, ದಬ್ಬೆ ಇಟ್ಟು, ತನ್ನ ಸೆರಗು ಹರಿದು ಸುತ್ತಿ ಕಟ್ಟಿದ್ಲು. ಹುಡುಗ್ರು ಅವನನ್ನ ಒಂದು ಸೈಕಲ್ ಮ್ಯಾಲೆ ಕೂರಿಸಿ, ಆ ಕಡೆ ಈ ಕಡೆ ಹಿಡ್ಕೊಂಡು, ಅದೇ ದಿಣ್ಣೆನ ತಳ್ಕೊಂಡು ಹತ್ತಿಸಿದ್ರು. ಯಜಮಾನ ಈರನಾಗಪ್ಪ ಊರ ಬಾಗ್ಲಲ್ಲಿ ನಿಂತು ನೋಡ್ತಿದ್ದ. ಯಾರೂ ಅವನ ಅಪ್ಪಣೆ ಕೇಳಲಿಲ್ಲ, ಅವನೂ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಕದುರಮ್ಮನ ಪಡಸಾಲೇಲಿ ಚಾಪೆ ಹಾಸಿದ್ರು.

ಅವತ್ತು ಸಂಜೆನೇ ಊರ ಹೆಂಗಸರು ಪೊರಕೆ ತಗೊಂಡು ತಿರುವಿಗೆ ಇಳಿದ್ರು. ಒಂದು ಕಾಳು ಬಿಡದಂಗೆ ಗುಡ್ಸಿದ್ರು. ಅಲ್ಲಿಂದ ಮುಂದೆ ಆ ಊರಲ್ಲಿ ಹುರುಳಿ ಬಡಿಯೋಕೆ ಹಳೇ ಕಾಲದಂಗೆ ಸಗಣಿ ಸಾರಿಸಿ ಕಣ ಮಾಡೋದೇ ಆಯ್ತು. ಕಷ್ಟ ಅಂತ ಗೊಣಗಿದೋರು ಇದ್ರು. ಗೊಣಗ್ಲಿ.

ಕೈ ಕೂಡ್ತು. ಆದ್ರೆ ಸೊಟ್ಟಗೆ ಕೂಡ್ತು. ಮೊಣಕೈ ಮಡಚಿ, ಪಕ್ಕಕ್ಕೆ ಚಾಚ್ಕೊಂಡು, ಅಂಗೈ ಎದುರಿಗೆ ಮಾಡ್ಕೊಂಡು ಹಂಗೇ ನಿಂತುಬಿಡ್ತು. ಕೆಳಗಿಳಿಸೋಕೆ ಬರ್ತಿರಲಿಲ್ಲ. ಜುಂಜಯ್ಯ ಮತ್ತೆ ತನ್ನ ಗುಡ್ಲಿಗೆ ಹೋದ. ಬೆಳಗ್ಗೆ ಮೋರಿ ಕಟ್ಟೆ ಮ್ಯಾಲೆ ಕೂತ್ನೋ, ಬರೋರಿಗೆಲ್ಲ ನಿಲ್ಲು ಅಂತ ಕೈ ಅಡ್ಡ ಹಿಡಿದಂಗೇ ಕಾಣೋದು. ಬಸ್ಸು ನಿಲ್ಲೋದು. ಕಂಡಕ್ಟರು ಇಳಿದು ಬಂದು ಎಲ್ಲಿಗಜ್ಜ ಅಂತ ಕೇಳೋನು. ಎಲ್ಲಿಗೂ ಇಲ್ಲ ಅಂತ ಇವನು. ಒಂದು ಲಾರಿಯೋನು ಇವನು ಕೈ ಇಳಿಸ್ಲಿ ಅಂತ ಮಧ್ಯಾಹ್ನದವರ್ಗೂ ಕಾದು, ಅಲ್ಲೇ ಅನ್ನ ಮಾಡ್ಕೊಂಡು ಉಂಡು ಹೋದನಂತೆ. ಹುಡುಗ್ರು ಮಾತ್ರ ಆ ಕೈ ದೂರದಿಂದ ಕಂಡ ತಕ್ಷಣ ಬ್ರೇಕು ಹಿಡಿಯೋರು. ಪಾತಣ್ಣ ಇಳಿದೇ ಬಿಡೋನು, ಸೈಕಲ್ ತಳ್ಕೊಂಡು ಅವನ ಮುಂದೆ ಹಾದು ಹೋಗೋನು, ತಲೆ ಎತ್ತದೆ. ಸುಣ್ಣದ ಪಂದ್ಯ ಯಾವತ್ತು ನಿಂತಿತು ಅಂತ ಯಾರಿಗೂ ನೆನಪಿಲ್ಲ. ನಿಂತಿತು.

ಬಲಗೈ ಹೋದಮ್ಯಾಲೂ ಅವನ ಬಾಗ್ಲಿಗೆ ಮೂಳೆ ಮುರಿದೋರು ಬರೋದು ತಪ್ಪಲಿಲ್ಲ. ಅವನು ಬಾಯಲ್ಲಿ ಹೇಳೋನು, ಕದುರಮ್ಮ ಕೈಯಲ್ಲಿ ಕಟ್ಟೋಳು. ಇಬ್ಬರೂ ಕಚ್ಚಾಡೋದು ನೋಡೋಕೆ ಅಂತಲೇ ಕೆಲವರು ಕೈ ಉಳುಕಿಸ್ಕೊಂಡು ಬರ್ತಿದ್ರಂತೆ. ಕೋಳಿಯಲ್ಲಿ ನಂಗೆಷ್ಟು ಪಾಲು ಅಂತ ಅವಳು, ಮೊಟ್ಟೆ ಎಣಿಸಿದ್ದೀಯ ತಾನೆ ಅಂತ ಅವನು.

ಇನ್ನೂ ಒಂದು ಮಾತು ಊರಲ್ಲಿ ಓಡಾಡುತ್ತೆ. ಕದುರಮ್ಮ ಆ ಕೈನ ಬೇಕಂತಲೇ ಸೊಟ್ಟಗೆ ಕಟ್ಟಿದ್ಲು ಅಂತ. ಹಿಂದಿನ ಸಿಟ್ಟಿಗೆ ಅಂತ ಕೆಲವರು ಅಂತಾರೆ. ಇಲ್ಲ, ಈ ಕೈ ಹಿಂಗೇ ಚಾಚ್ಕೊಂಡಿದ್ರೆ ನನ್ನ ಮಗ ಯಾವತ್ತೂ ನಿಧಾನಕ್ಕೆ ಇಳೀತಾನೆ ಅಂತ ಲೆಕ್ಕ ಹಾಕಿ ಕಟ್ಟಿದ್ಲು ಅಂತ ಇನ್ನು ಕೆಲವರು. ಅವಳನ್ನ ಕೇಳಿದೋರಿಗೆಲ್ಲ ಅವಳು, ನಿಂಗೆ ಯಾರು ಹೇಳಿದ್ದು ಅಂತ ತಿರುಗಿ ಕೇಳಿದ್ಲೇ ಹೊರತು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಜುಂಜಯ್ಯನೂ ಒಂದು ದಿನ ಕೇಳಿದ್ನಂತೆ. ಅವನಿಗೂ ಹೇಳಲಿಲ್ಲವಂತೆ.

ಅವರಿಬ್ಬರೂ ಮಣ್ಣಾಗಿ ಎಷ್ಟು ಕಾಲ ಆಯ್ತೋ. ಇವತ್ತಿಗೂ ಕರೆಕಲ್ಲಹಟ್ಟೀಲಿ ಯಾರ ಮನೆಗಾದ್ರೂ ಹೊಸ ಸೈಕಲ್ ಬಂದ್ರೆ, ಈಗ ಮೋಟರ್ ಸೈಕಲ್ಲಿಗೂ ಸೇರಿಸಿ, ಹೂವು ಕುಂಕುಮ ಆಮ್ಯಾಲೆ. ಮೊದ್ಲು ಗಾಡಿನ ದಿಣ್ಣೆ ಮ್ಯಾಲೆ ನಿಲ್ಲಿಸ್ತಾರೆ. ಆ ಮನೆ ತಾಯಿ ಕೆಳಗಿಳಿದು ಮೋರಿ ಹತ್ರ ಹೋಗಿ, ಮೊಣಕೈ ಮಡಚಿ ಬಲಗೈ ಪಕ್ಕಕ್ಕೆ ಚಾಚಿ ನಿಲ್ತಾಳೆ. ಮಗನೋ ಮಗಳೋ ಇಳಿದು ಬಂದು ಅವಳ ಕೈಗೆ ತಾಗದಂಗೆ ಮುಂಚೆನೇ ನಿಲ್ಲಿಸ್ಬೇಕು. ಗಾಲಿ ಅವಳ ಸೀರೆಗೆ ತಾಗ್ತೋ, ಗಾಡಿ ಮುಂದಿನ ಹುರುಳಿ ಸುಗ್ಗಿವರ್ಗೂ ಕೊಟ್ಟಿಗೆಗೆ. ಎಂಥ ಮುದ್ದಿನ ಮಗ ಆದ್ರೂ ಅಷ್ಟೆ.

ನಿಂತಮ್ಯಾಲೂ ಆಕೆ ಕೈ ಇಳಿಸಲ್ಲ. ಬಗ್ಗಿ ರಿಮ್ಮಿಗೆ ಎಡಗೈ ಬೆರಳು ತಿಕ್ಕಿ ನೋಡ್ತಾಳೆ. ಮಗ ಹಲ್ಲು ಕಿರಿದು, ಏನವ್ವ, ನನ್ನ ಮ್ಯಾಲೂ ಅನುಮಾನಾನಾ ಅಂತ ಕೇಳ್ತಾನೆ.

ಹೂಂ ಅಂತಾಳೆ.

ಆಮ್ಯಾಲೆ ಹೂವು ಮುಡಿಸ್ತಾಳೆ.